ಅವ್ವ ಹೇಳದ ಹೆಸರು

ಭಾನುವಾರದ ಪುರವಣಿಯಲ್ಲಿ ಒಂದು ಅಂಕಣ ಬರುತ್ತದೆ. ಹೆಸರುವಾಸಿಯಾದ ಸರಕುಗಳಿಗೆ ಆ ಹೆಸರು ಎಲ್ಲಿಂದ ಬಂತು ಅಂತ ವಾರಕ್ಕೊಂದು ಕಥೆ. ಒಂದಕ್ಕೆ ಮಾಲೀಕನ ಮುದ್ದಿನ ಮಗಳ ಹೆಸರು, ಇನ್ನೊಂದಕ್ಕೆ ಹುಟ್ಟಿದೂರಿನ ಹೆಸರು, ಮತ್ತೊಂದಕ್ಕೆ ಕನಸಿನಲ್ಲಿ ಬಂದ ದೇವರ ಹೆಸರು. ಕಾಫಿ ಕುಡಿಯುತ್ತ ಓದಿ ಮರೆಯುವಂಥದ್ದು. ಒಂದು ವಾರ ನಮ್ಮ ದಾವಣಗೆರೆಯ ಹಲ್ಲುಪುಡಿಯ ಕಥೆ ಬಂತು. ನಾಲ್ಕೈದು ಜಿಲ್ಲೆಯ ಅಂಗಡಿಗಳಲ್ಲಿ ಸರಗಟ್ಟಿ ನೇತಾಡುತ್ತದಲ್ಲ, ರುಮಾಲು ಸುತ್ತಿದ ಮುದುಕನ ಚಿತ್ರದ ಪೊಟ್ಟಣ, ಆ ಕಪ್ಪು ಪುಡಿ. ತಂದೆಯ ಮೇಲಿನ ಭಕ್ತಿಯಿಂದ ಮಗ ಇಟ್ಟ ಹೆಸರಂತೆ ಅದು. ಓದಿದವಳೇ ಲೋಟ ಕುಕ್ಕಿದೆ, ಕಾಫಿ ಚೆಲ್ಲಿ ಪೇಪರೆಲ್ಲ ಒದ್ದೆಯಾಯಿತು. ಆಗಲಿ ಬಿಡು, ಒಳ್ಳೆಯದೇ ಆಯಿತು ಅಂದುಕೊಂಡೆ.

ಆ ಹೆಸರು ನನ್ನ ಅಪ್ಪನದು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ.

ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಅವ್ವನೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ. ನನಗೆ ಅಂಥ ಭಯವೇನಿಲ್ಲ. ಮದುವೆಯಾದ ಮಾರನೇ ದಿನವೇ ಗಂಡನನ್ನು ಹೆಸರು ಹಿಡಿದು ಕೂಗಿ ಅತ್ತೆಯ ಕಣ್ಣು ಕೆಂಪಗೆ ಮಾಡಿದವಳು ನಾನು. ಬರೆಯದಿರುವುದಕ್ಕೆ ಕಾರಣ ಬೇರೆ. ಆ ಮನೆತನದ ಪುಡಿಗೆ ನಾನು ಯಾಕೆ ಪುಕ್ಕಟೆ ಜಾಹೀರಾತು ಕೊಡಲಿ?

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಕ್ಕಿದ್ದ. ನಮ್ಮ ಮನೆ ಆನೆಕೊಂಡದಲ್ಲಿ. ಭಟ್ಟಿಯ ಒಲೆಗೆ ಭತ್ತದ ಹೊಟ್ಟು ಸುರಿಯುತ್ತ ಕೂರಬೇಕು, ಮೇಲೆ ಬಾಣಲೆಯ ಮರಳಿನಲ್ಲಿ ಅಕ್ಕಿ ಅರಳಬೇಕು. ಬೆಂಕಿ ಒಂದಿಷ್ಟು ಹೆಚ್ಚಾದರೆ ಮಂಡಕ್ಕಿ ಕೆಂಪಗಾಗುತ್ತದೆ, ಕಡಿಮೆಯಾದರೆ ಅರಳುವುದೇ ಇಲ್ಲ. ಅಪ್ಪ ಇಪ್ಪತ್ತು ವರ್ಷ ಆ ಒಲೆಯ ಬಾಯಿಯ ಮುಂದೆ ಕೂತ. ಭಟ್ಟಿಯ ಮಾಲೀಕರನ್ನು ನಾವು ಭಟ್ಟಿ ಸಾಬರು ಅನ್ನುತ್ತಿದ್ದೆವು. ನೆಟ್ಟಗಿನ ಮನುಷ್ಯ, ಬಾಯಿ ಮಾತ್ರ ಜೋರು. ಸುಟ್ಟ ಹೊಟ್ಟನ್ನು ಹೊರಗೆ ರಾಶಿ ಹಾಕಿಸಿ, 'ಒಯ್ಯೋ ಮಾರಾಯ, ಎಷ್ಟ್ ಬೇಕೋ ಅಷ್ಟ್ ಒಯ್ಯಿ, ನಂಗೆ ಜಾಗ ಆದ್ರೆ ಸಾಕು' ಅನ್ನುತ್ತಿದ್ದರು.

ಅಪ್ಪ ಅದರಲ್ಲಿ ಹಲ್ಲುಪುಡಿ ಮಾಡುತ್ತಿದ್ದ. ಬೂದಿಯೆಲ್ಲ ಹಲ್ಲುಪುಡಿಯಾಗುವುದಿಲ್ಲ. ಹೊಟ್ಟು ಪೂರ್ತಿ ಉರಿದು ಬೆಳ್ಳಗಾಯಿತೆಂದರೆ ಕೆಟ್ಟಿತು, ಅದು ಹಲ್ಲನ್ನೇ ತಿನ್ನುತ್ತದೆ. ಇನ್ನೂ ಕರ್ರಗೆ ಇರುವಾಗಲೇ ಎಳೆದು, ನೀರು ಚಿಮುಕಿಸಿ ಆರಿಸಬೇಕು. ಆ ಗಳಿಗೆ ಅಪ್ಪನ ಕಣ್ಣಿಗೆ ಮಾತ್ರ ಗೊತ್ತಾಗುತ್ತಿತ್ತು. ಆರಿದ್ದನ್ನು ಕುಟ್ಟಿ, ಹಳೇ ಪಂಚೆಯಲ್ಲಿ ಎರಡು ಸಲ ಜರಡಿ ಹಿಡಿದು, ಉಪ್ಪು, ಪಟಕ, ಅಳಲೆಕಾಯಿ, ಕರ್ಪೂರ, ಕೊನೆಗೆ ಲವಂಗ. ಲವಂಗ ದುಬಾರಿ, ಆದರೂ ಅಪ್ಪ ಅದರಲ್ಲಿ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಅವ್ವನೂ ನಾನೂ ರದ್ದಿ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದೆವು. ನನ್ನ ಉಗುರು ಸಂದಿನ ಕಪ್ಪು ಯಾವತ್ತೂ ಹೋಗುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಹುಡುಗಿಯರು ನನ್ನ ಪಕ್ಕ ಕೂರುವ ಮುಂಚೆ ತಮ್ಮ ಬಿಳಿ ದಾವಣಿಯನ್ನು ಆಚೆ ಸರಿಸಿಕೊಳ್ಳುತ್ತಿದ್ದರು. ಅವರ ಹಲ್ಲನ್ನು ಮಾತ್ರ ಅಪ್ಪನ ಪುಡಿಯೇ ಬೆಳ್ಳಗೆ ಇಟ್ಟಿತ್ತು, ಅದನ್ನು ಯಾರೂ ಹೇಳುವುದಿಲ್ಲ.

ಭಟ್ಟಿಗೆ ರಜೆಯಿದ್ದ ದಿನ ಅಪ್ಪ ಹರಿಹರಕ್ಕೆ ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಪುಡಿ ಇಟ್ಟುಕೊಂಡು ಕೂರುತ್ತಿದ್ದ. ಪಾಳಿ ಬಿಟ್ಟಾಗ ಸೈಕಲ್ಲುಗಳು ಹಿಂಡು ಹಿಂಡಾಗಿ ಹೊರಗೆ ಬರುತ್ತಿದ್ದವು. ಹಾಗೆ ಬಂದ ಕಾರ್ಮಿಕರೇ ಆ ಪುಡಿಗೆ ಹೆಸರು ಇಟ್ಟವರು. ಯಾವ ಪುಡಿನೋ ಅದು ಅಂತ ಒಬ್ಬ ಕೇಳಿದರೆ ಇನ್ನೊಬ್ಬ ಅಪ್ಪನ ಹೆಸರು ಹೇಳಿ, ಆತನ ಪುಡಿ ಅನ್ನುತ್ತಿದ್ದ. ವರ್ಷ ಕಳೆಯುವಷ್ಟರಲ್ಲಿ ನಡುವಿನ ಆತ ಹೋಗಿ, ಬರೀ ಹೆಸರು ಮತ್ತು ಪುಡಿ ಉಳಿಯಿತು. ಹೆಸರಿನ ಹುಟ್ಟು ಅಂದರೆ ಇಷ್ಟೇ. ಕನಸೂ ಬಿದ್ದಿರಲಿಲ್ಲ, ದೇವರೂ ಬಂದಿರಲಿಲ್ಲ.

ಅಪ್ಪನಿಗೆ ಬಿಡುವಾಗದ ದಿನ ಅವ್ವ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಅಲ್ಲೇ ತಮಾಷೆ. ಎಲ್ಲರೂ ಹೆಸರು ಹೇಳಿ ಕೇಳುತ್ತಿದ್ದರು, ಮಾರುವವಳು ಮಾತ್ರ ಹೇಳುವಂತಿಲ್ಲ.

'ಇದು ಆ ಪುಡಿನೇ ಏನವ್ವ?' ಅಂತ ಯಾರಾದರೂ ಹೆಸರು ಹಿಡಿದು ಕೇಳಿದರೆ, 'ಹೂನ್ರಿ, ನಮ್ಮನೇರ ಪುಡಿ' ಅನ್ನುತ್ತಿದ್ದಳು.

'ಅದೇ ಯಾರದು? ಹೆಸರು ಹೇಳು, ಎರಡು ತಗಂತೀನಿ' ಅಂತ ಕಿಲಾಡಿಗಳು ಕಾಡುತ್ತಿದ್ದರು.

'ನೀವು ಎರಡು ಬಿಟ್ಟು ಇಪ್ಪತ್ತು ತಗಂಡ್ರೂ ಹೇಳಲ್ಲ, ಹೋಗ್ರಿ' ಅಂತ ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಮದುವೆಯ ದಿನ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ನಿಂತಾಗ ಒಂದೇ ಒಂದು ಸಲ ಪ್ರಾಸದ ಒಡಪು ಕಟ್ಟಿ ಅದರೊಳಗೆ ಅಪ್ಪನ ಹೆಸರು ಹೇಳಿದ್ದಳಂತೆ. ಆಮೇಲೆ ಇಲ್ಲ. ರೇಷನ್ ಕಾರ್ಡಿನವರು ಮನೆಗೆ ಬಂದರೂ ನನ್ನನ್ನು ಕೂಗಿ ಹೇಳಿಸುತ್ತಿದ್ದಳು.

ಈಗ ಸಾಹುಕಾರರ ವಿಷಯಕ್ಕೆ ಬರುತ್ತೇನೆ. ಪೇಟೆಯಲ್ಲಿ ಸಗಟು ಕಿರಾಣಿ ಅಂಗಡಿ ಅವರದು. ಅಪ್ಪನ ಪೊಟ್ಟಣಗಳನ್ನು ಅಂಗಡಿಯಲ್ಲಿಟ್ಟು ಹಳ್ಳಿಯ ಅಂಗಡಿಯವರಿಗೆ ಕೊಡುತ್ತಿದ್ದರು. ಲೇಬಲ್ ಹಾಕಿಸೋ, ಹೆಸರು ಛಾಪಿಸೋ ಅಂತ ಎಷ್ಟೋ ಸಲ ಅಪ್ಪನಿಗೆ ಹೇಳಿದ್ದುಂಟು. 'ಹಲ್ಲು ತಿಕ್ಕೋರಿಗೆ ಲೇಬಲ್ ಯಾಕ್ರಿ ಸಾವ್ಕಾರ್ರೆ? ತಿಕ್ಕಿ ಉಗುಳಾದೇ ಅಲ್ವ' ಅಂತ ಅಪ್ಪ ನಗುತ್ತಿದ್ದ. ಆ ನಗು ನೆನೆದರೆ ಇವತ್ತಿಗೂ ನನಗೆ ಅಪ್ಪನ ಮೇಲೇ ಸಿಟ್ಟು ಬರುತ್ತದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಭಟ್ಟಿಯ ಬಾಯಿಯ ಮುಂದೆಯೇ ವಾಲಿಬಿದ್ದನಂತೆ. ಭಟ್ಟಿ ಸಾಬರು ಜಟಕಾದಲ್ಲಿ ಹಾಕಿಕೊಂಡು ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಒಯ್ದರು. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು. ಮನೆಗೆ ತಂದು ಮಲಗಿಸಿದೆವು. ಅಪ್ಪ ಎಡಗೈಯಿಂದ ಚಾಪೆ ಕೆರೆಯುತ್ತ, ಬಾಯಿಯಿಂದ ಒಂದೇ ಸದ್ದು ಹೊರಡಿಸುತ್ತ ಇರುತ್ತಿದ್ದ. ನೀರು ಕೇಳುತ್ತಿದ್ದಾನೋ ನೋವು ಹೇಳುತ್ತಿದ್ದಾನೋ ಅವ್ವನಿಗೆ ಮಾತ್ರ ಗೊತ್ತಾಗುತ್ತಿತ್ತು.

ಸಾಹುಕಾರರು ನೋಡಲು ಬಂದರು. ಕೈಯಲ್ಲಿ ಅರ್ಧ ಡಜನ್ ಮೋಸಂಬಿ. ಅಪ್ಪನ ತಲೆ ಸವರಿ, ಕಣ್ಣೊರೆಸಿಕೊಂಡು, ಅವ್ವನ ಕಡೆ ತಿರುಗಿದರು.

'ತಂಗೆವ್ವ, ಅಂಗಡ್ಯಾಗೆ ಪುಡಿ ಮುಗಿದೈತೆ. ಜನ ಕೇಳ್ತಾರೆ, ಇಲ್ಲ ಅಂತ ಕಳಿಸ್ತಿದೀನಿ. ಹಿಂಗೇ ಆದ್ರೆ ಈತನ ಹೆಸರೇ ಮರತುಬಿಡ್ತಾರೆ ನೋಡು. ಹೆಂಗೆ ಮಾಡಾದು ಅಂತ ಹೇಳಿಕೊಡು, ಈತ ಏಳಾತನಕ ನಾನು ನಮ್ಮ ಆಳುಗಳ ಕೈಲಿ ಮಾಡಿಸಿ ಇಡ್ತೀನಿ. ಹೆಸರು ಉಳೀಬೇಕಲ್ಲವ್ವ.'

ಹೆಸರು ಉಳೀಬೇಕಲ್ಲವ್ವ! ಆ ಒಂದು ಮಾತಿಗೆ ಅವ್ವ ಕರಗಿಹೋದಳು. ಅಪ್ಪ ಏಳುತ್ತಾನೆ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ ಅಂತ. ಎಷ್ಟು ಹೊಟ್ಟು, ಎಷ್ಟು ಪಟಕ, ಯಾವಾಗ ನೀರು ಚಿಮುಕಿಸಬೇಕು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಅವಳು ಮರೆತ ಅಳಲೆಕಾಯಿಯ ಅಳತೆಯನ್ನು ನೆನಪಿಸಿದವಳು ನಾನು. ಜಾಣೆ ಅನ್ನಿಸಿಕೊಳ್ಳುವ ಚಪಲ. ಅಪ್ಪ ಚಾಪೆ ಕೆರೆಯುತ್ತಲೇ ಇದ್ದ, ಸದ್ದು ಮಾಡುತ್ತಲೇ ಇದ್ದ. 'ನೀರಿಗೆ ಇರಬೇಕು, ಕೊಡೆ' ಅಂದಳು ಅವ್ವ. ಕೊಟ್ಟೆ. ಕುಡಿಯಲಿಲ್ಲ.

ಎರಡು ತಿಂಗಳಾದ ಮೇಲೆ ಭಟ್ಟಿ ಸಾಬರು ಒಂದು ಪೊಟ್ಟಣ ತಂದು ಅವ್ವನ ಮುಂದೆ ಎಸೆದರು. ಬಣ್ಣದ ಕಾಗದ, ಮೇಲೆ ದಪ್ಪ ಅಕ್ಷರದಲ್ಲಿ ಅಪ್ಪನ ಹೆಸರು, ಕೆಳಗೆ ರುಮಾಲು ಸುತ್ತಿದ ಮುದುಕನೊಬ್ಬನ ಫೋಟೋ. ಅದು ಸಾಹುಕಾರರ ಸತ್ತುಹೋದ ತಂದೆಯದು. ಆ ಮುದುಕನಿಗೆ ಬದುಕಿದ್ದಷ್ಟು ಕಾಲವೂ ಬೇರೆಯೇ ಹೆಸರಿತ್ತು, ಇಡೀ ಪೇಟೆಗೆ ಗೊತ್ತಿತ್ತು. ಸತ್ತು ಎಂಟು ವರ್ಷಕ್ಕೆ ಮಗ ಹೊಸದಾಗಿ ನಾಮಕರಣ ಮಾಡಿದ್ದ. ತೊಟ್ಟಿಲೊಂದು ಕಟ್ಟುವುದು ಬಾಕಿ.

'ಅಕ್ಕಾ, ಯೇ ಕ್ಯಾ ಹೈ? ಇದೇನಿದು?' ಅಂದರು ಸಾಬರು. 'ಅವರ ಅಪ್ಪನ ಹೆಸರಂತೆ. ಪೂಜೆ ಹೆಸರು, ಮನೆಯೊಳಗೆ ಕರೀತಿದ್ದ ಹೆಸರು ಅಂತ ಹೇಳ್ತಾರೆ. ಸುಳ್ಳು ಹೇಳಕ್ಕೂ ಒಂದು ಲೆಕ್ಕ ಬ್ಯಾಡವಾ?'

ಅವ್ವ ಅದನ್ನು ಎತ್ತಿಕೊಂಡಳು. ಪೊಟ್ಟಣದ ಬಾಯಿ ಬಿಚ್ಚಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. 'ಲವಂಗ ಹಾಕಿಲ್ಲ' ಅಂದಳು.

ಸಾಬರೇ ಪೇಟೆಯ ಹಿರಿಯರ ಕೈಕಾಲು ಹಿಡಿದು ಪಂಚಾಯ್ತಿ ಸೇರಿಸಿದರು. ಕೋರ್ಟು ಕಚೇರಿ ನಮ್ಮಂಥವರಿಗೆ ಆಗುವ ಮಾತಲ್ಲ. ಒಂದು ಗೋದಾಮಿನಲ್ಲಿ, ಹತ್ತಿ ಅಂಡಿಗೆಯ ಮೂಟೆಗಳ ನಡುವೆ ಜಮಖಾನ ಹಾಸಿ, ಮಧ್ಯಾಹ್ನದ ಹೊತ್ತು ಹತ್ತಾರು ಗಂಡಸರು ಕೂತಿದ್ದರು. ಅವ್ವನೂ ನಾನೂ ಬಾಗಿಲ ಪಕ್ಕ ನಿಂತೆವು. 'ಕೂಡ್ರವ್ವ' ಅಂತ ಒಬ್ಬರೂ ಅನ್ನಲಿಲ್ಲ.

ಸಾಬರು ಎದ್ದು ನಿಂತು, ಈ ಹೆಸರು ನನ್ನ ಭಟ್ಟಿಯ ಆಳಿನದು, ನನ್ನ ಕಣ್ಣೆದುರಿಗೆ ಹುಟ್ಟಿದ್ದು ಅಂದರು. 'ನೀವು ಬೂದಿ ಕೊಟ್ಟೋರು ಸಾಬ್ರೆ, ಬೂದಿ ಮಾತು ಆಡ್ರಿ ಸಾಕು' ಅಂದರು ಸಾಹುಕಾರರು. ನಾಲ್ಕು ಜನ ನಕ್ಕರು. ಮಧ್ಯದಲ್ಲಿ ಕೂತಿದ್ದ ಹಿರಿಯರೊಬ್ಬರು ನಗಲಿಲ್ಲ. ಬಿಳಿ ಮೀಸೆಯ, ಎಲ್ಲರೂ ಗೌರವ ಕೊಡುತ್ತಿದ್ದ ಮನುಷ್ಯ. 'ಹಂಗಾರೆ ತೀರ್ಮಾನ ಹೆಂಗೆ?' ಅಂತ ಅವರು ಕೇಳಿದರು.

ಆಗ ಸಾಹುಕಾರರು ಕೈ ಮುಗಿದರು. ಎಷ್ಟು ವಿನಯ ಅಂತೀರಿ! 'ನಂಗೆ ಹಠ ಇಲ್ರಿ. ಆ ತಂಗೆವ್ವನೇ ಇಲ್ಲಿ, ಕೂಡಿದ ಹಿರೇರ ಮುಂದೆ, ದೈವದ ಮುಂದೆ, ತನ್ನ ಬಾಯಿಂದ ಹೇಳಿಬಿಡ್ಲಿ, ಈ ಹೆಸರು ನನ್ನ ಗಂಡಂದು ಅಂತ. ಹೆಸರು ಹಿಡಿದು ಒಂದೇ ಒಂದು ಸಲ. ನಾಳೆ ಬೆಳಗಾಗೋದ್ರಾಗೆ ಲೇಬಲ್ ಎಲ್ಲಾ ಸುಟ್ಟುಹಾಕ್ತೀನಿ. ನಾಕು ಜನರ ಮುಂದೆ ಆಡಿದ ಮಾತು, ತಪ್ಪಲ್ಲ.'

ಅಲ್ಲಿದ್ದ ಒಬ್ಬೊಬ್ಬರ ಹೆಂಡತಿಯೂ ಗಂಡನ ಹೆಸರು ಹೇಳದವಳೇ. ಆ ಶರತ್ತಿನ ತೂಕ ಏನು ಅಂತ ಗೊತ್ತಾಗದ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಆನೆಕೊಂಡದ ಮನೆಯಲ್ಲಿ ಗಂಡ ಅರ್ಧ ಜೀವವಾಗಿ ಮಲಗಿದ್ದಾನೆ, ಈಗ ಹೆಸರು ಹೇಳು ಅಂದರೆ ಅವನ ಕುತ್ತಿಗೆಗೆ ನೀನೇ ಕೈ ಹಾಕು ಅಂದಂತೆ. ಆದರೂ ಎಲ್ಲರೂ ನ್ಯಾಯವಾದ ಮಾತು ಅಂತ ತಲೆಯಾಡಿಸಿದರು.

ನನಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ ಅಪ್ಪನ ಹೆಸರನ್ನು ಮೂರು ಸಲ ಕಿರುಚಿದೆ. 'ನನ್ನಪ್ಪನ ಹೆಸರು ಅದು! ನಾನು ಹೇಳ್ತೀನಿ, ಬರ್ಕಳ್ರಿ!'

'ನೀನಲ್ಲಮ್ಮ' ಅಂದರು ಸಾಹುಕಾರರು, ನನ್ನ ಕಡೆ ನೋಡದೆ. 'ಆಕೆ ಹೇಳಬೇಕು.'

ಬಿಳಿ ಮೀಸೆಯ ಹಿರಿಯರಿಗೆ ಒಂದಿಷ್ಟು ಕರುಣೆ ಬಂದಿರಬೇಕು. 'ಹಂಗೇ ಹೇಳಕ್ಕೆ ಆಗದಿದ್ರೆ ಒಡಪಿನಾಗೆ ಹೇಳವ್ವ. ಮದುವಿ ಮನ್ಯಾಗೆ ಹೇಳ್ತೀರಲ್ಲ, ಹಂಗೆ. ದೋಷ ಇಲ್ಲ.'

ಅವ್ವ ತಲೆಯೆತ್ತಿದಳು. 'ಅದು ಶುಭಕ್ಕೆ ಹೇಳಾದು ಯಜಮಾನ್ರೆ. ಹಾಸಿಗೆ ಹಿಡಿದೋರ ಮ್ಯಾಲೆ ಹೆಂಗೆ ಹೇಳ್ಲಿ? ನೀವೆಲ್ಲಾ ದೊಡ್ಡೋರು. ಈ ಹೆಸರು ಯಾರದು ಅಂತ ನಿಮ್ಮೆಲ್ರಿಗೂ ಗೊತ್ತೈತೆ. ಹರಿಹರದ ಗೇಟಿನ ಮುಂದೆ ನಿಂತು ಯಾರನ್ನಾದ್ರೂ ಕೇಳ್ರಿ, ಹೇಳ್ತಾರೆ. ನನ್ನ ಬಾಯಿಂದನೇ ಯಾಕ ಬೇಕು ನಿಮಗೆ?'

ಹಿರಿಯರು ಮೀಸೆ ಸವರಿಕೊಂಡರು. ಅವ್ವ ಇನ್ನೊಂದು ಗಳಿಗೆ ನಿಂತಳು. ತುಟಿ ಒಂದು ಸಲ ಅಲುಗಿತು, ನಾನು ಕಣ್ಣಾರೆ ನೋಡಿದೆ. ಹೇಳಿಬಿಡುತ್ತಾಳೆ ಅಂದುಕೊಂಡೆ, ಹೇಳು ಹೇಳು ಅಂತ ಮನಸ್ಸಿನಲ್ಲೇ ಕಿರುಚುತ್ತಿದ್ದೆ. ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು, ತಿರುಗಿ, ಹೊರಗೆ ನಡೆದಳು. ಹಿಂದಿನಿಂದ ಸಾಹುಕಾರರ ಮಾತು ಕೇಳಿಸಿತು: 'ನೋಡಿದ್ರಲ್ಲ, ನಾನೇನೂ ಬಲವಂತ ಮಾಡ್ಲಿಲ್ಲ.'

ಆನೆಕೊಂಡದವರೆಗೂ ನಾನು ಅವಳ ಜೊತೆ ಜಗಳವಾಡುತ್ತ ಬಂದೆ. ನಿನ್ನಿಂದಲೇ ಹೋಯಿತು, ಒಂದು ಸಲ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಊರಿನವರೆಲ್ಲ ದಿನಕ್ಕೆ ನೂರು ಸಲ ಹೇಳುತ್ತಾರೆ, ಅಪ್ಪನಿಗೆ ಏನಾಯಿತು? ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಬಿರಬಿರನೆ ನಡೆಯುತ್ತಲೇ ಇದ್ದಳು. ಮನೆಗೆ ಬಂದು ಅಪ್ಪನ ಬಾಯಿ ಒರೆಸಿ, ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದಳು. ಉಸಿರಿತ್ತು. ಆಮೇಲೆ ಗೋಡೆಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಹೋಗಬೇಕಿತ್ತು.

ಪಂಚಾಯ್ತಿಯಾದ ನಾಲ್ಕು ತಿಂಗಳಿಗೆ ಅಪ್ಪ ಸತ್ತ. ಅವ್ವ ಹೆಸರು ಹೇಳಿರಲಿಲ್ಲ, ಆದರೂ ಸತ್ತ. ಅದನ್ನೂ ನಾನು ಅವಳಿಗೆ ಅಂದೆ, ಹನ್ನೊಂದನೆಯ ದಿನದ ಊಟದ ಎಲೆ ಎತ್ತುತ್ತ. ಇಂಥ ನಾಲಿಗೆ ನನಗೆ ಯಾಕಾದರೂ ಬಂತೋ. ಅವ್ವ ಆವತ್ತು ನನ್ನ ಮುಖ ನೋಡಿ ಇಷ್ಟೇ ಅಂದಳು: 'ನಾಕು ತಿಂಗಳು ಇದ್ರಲ್ಲೇ.'

ಹೆಸರನ್ನು ಸಾಹುಕಾರರು ಆಮೇಲೆ ಕಾಯಂ ಮಾಡಿಕೊಂಡರು. ಮದರಾಸಿನ ತನಕ ಹೋಗಿ ರಿಜಿಸ್ಟರ್ ಮಾಡಿಸಿಕೊಂಡು ಬಂದರು ಅಂತ ಸಾಬರು ಸುದ್ದಿ ತಂದರು. ಅಪ್ಪನ ಹೆಸರಿನಲ್ಲಿ ಇನ್ನು ಯಾರೂ ಪುಡಿ ಮಾರುವಂತಿಲ್ಲ, ನಾವೂ ಮಾರುವಂತಿಲ್ಲ. ಅವ್ವ ಭಟ್ಟಿಯಲ್ಲಿ ಮಂಡಕ್ಕಿ ಸಾಣಿಸುವ ಕೆಲಸಕ್ಕೆ ಸೇರಿದಳು. ನಿಜಲಿಂಗಪ್ಪ ಬಡಾವಣೆಯಲ್ಲಿ ಸಾಹುಕಾರರ ಹೊಸ ಮನೆ ಎದ್ದಿತು. ಗೇಟಿನ ಕಲ್ಲಿನ ಮೇಲೆ ಅಪ್ಪನ ಹೆಸರು, ಮುಂದೆ ನಿಲಯ ಅಂತ. ನಮ್ಮಪ್ಪ ಹುಟ್ಟಿದ್ದೂ ಸತ್ತಿದ್ದೂ ಸೋರುವ ಹೆಂಚಿನ ಕೆಳಗೆ. ಅವನ ಹೆಸರಿಗೆ ಮಾತ್ರ ಎರಡು ಅಂತಸ್ತಿನ ತಾರಸಿ ಸಿಕ್ಕಿತು. ಆ ಕಡೆ ಕೆಲಸವಿದ್ದಾಗ ನಾನು ಒಂದು ರಸ್ತೆ ಬಳಸಿಕೊಂಡು ಹೋಗುತ್ತಿದ್ದೆ. ಅವ್ವ ಆ ಮನೆಯ ಮುಂದೆಯೇ ಹೋಗುತ್ತಿದ್ದಳು, ತಲೆ ತಗ್ಗಿಸಿಕೊಂಡು, ಗಂಡನ ಎದುರು ಹಾಯುವವಳಂತೆ ಸೆರಗು ಸರಿಮಾಡಿಕೊಂಡು.

ನನ್ನ ಮದುವೆ ಹರಿಹರಕ್ಕೆ ಆಯಿತು. ಗಂಡ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎರಡನೇ ಬಾಣಂತನಕ್ಕೆ ಅವ್ವ ಬಂದು ಎರಡು ತಿಂಗಳು ಇದ್ದಳು. ಅಪ್ಪ ಹೋಗಿ ಆಗ ಏಳೆಂಟು ವರ್ಷ. ಅಷ್ಟು ವರ್ಷವೂ ಅವಳು ಬೇವಿನ ಕಡ್ಡಿಯಲ್ಲಿ, ಇಲ್ಲವೇ ಉಪ್ಪಿನಲ್ಲಿ ಹಲ್ಲು ತಿಕ್ಕಿದವಳು, ಅಪ್ಪ ಹೋದ ಮೇಲೂ ಆ ಹೆಸರನ್ನು ಬಾಯಿಗೆ ತಾರದವಳು. ಒಂದು ಸಂಜೆ ಮಗುವನ್ನು ಎತ್ತಿಕೊಂಡು, ಇಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆವು. ನಾನು ಸಾಬೂನು, ಸಕ್ಕರೆ, ಒಂದು ಪೇಸ್ಟು ಕೇಳಿದೆ.

'ನಂಗೆ ಆ ಪೇಸ್ಟು ಬ್ಯಾಡ, ಬಾಯಿತುಂಬ ನೊರೆ' ಅಂದಳು ಅವ್ವ. ಆಮೇಲೆ ಅಂಗಡಿಯವನ ಕಡೆ ತಿರುಗಿ, ತಡವರಿಸದೆ, ದನಿ ತಗ್ಗಿಸದೆ, ಅಪ್ಪನ ಹೆಸರನ್ನು ಪೂರ್ತಿಯಾಗಿ ಹೇಳಿದಳು. 'ಪುಡಿ ಒಂದು ಕೊಡಪ್ಪ, ಚಿಕ್ಕದು.'

ಅಂಗಡಿಯವನು ಸರದಿಂದ ಒಂದು ಪೊಟ್ಟಣ ಕಿತ್ತು ಕೊಟ್ಟ. ಅಷ್ಟು ಜನ ಗಂಡಸರು ಸೇರಿ ಅವಳ ಬಾಯಿಂದ ಹೊರಡಿಸಲಾಗದ ಹೆಸರು ಅದು.

'ಅವ್ವಾ, ಹೆಸರು ಹೇಳಿಬಿಟ್ಟೆಲ್ಲ!' ಅಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ನಾನು ಏನು ಕೇಳುತ್ತಿದ್ದೇನೆ ಅಂತ ಅವಳಿಗೆ ಹೊಳೆಯಲಿಲ್ಲ, ನಿಜವಾಗಿಯೂ ಹೊಳೆಯಲಿಲ್ಲ.

'ಯಾರ ಹೆಸರೇ?' ಅಂದಳು. 'ಪುಡಿ ಕೇಳಿದೆ.'

ಮಗುವನ್ನು ನನ್ನ ಕೈಗೆ ಕೊಟ್ಟು, ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.